ಅತ್ತೆಯವರನ್ನು ಎತ್ತುವ ವಿದ್ಯೆ

ಧೊಪ್. ಅದರ ಹಿಂದೆಯೇ ಎರಡು ಗಾಜಿನ ಬಳೆ ಒಡೆದ ಸದ್ದು. ಆಮೇಲೆ ಸ್ವಲ್ಪ ಹೊತ್ತು, ಹಿತ್ತಲಾಚೆಯ ಅಕ್ಕಿ ಗಿರಣಿಯ ಬೆಲ್ಟು ಪಟಪಟನೆ ತಿರುಗುವುದು ಬಿಟ್ಟರೆ, ಏನೂ ಇಲ್ಲ. ನನ್ನ ವಯಸ್ಸಿನ ಹೆಂಗಸರು ಹಳೆಯ ಕಾಲದ ಸದ್ದುಗಳನ್ನು ನೆನೆಸಿಕೊಳ್ಳುವಾಗ ವೀಣೆ, ಮೊಸರು ಕಡೆಯುವ ಕಡಗೋಲು, ಕಾಫಿ ಬೀಜ ಹುರಿಯುವಾಗಿನ ಚಟಚಟ ಅಂತೆಲ್ಲ ಚೆಂದದ ಸದ್ದುಗಳನ್ನೇ ಬರೆಯುತ್ತಾರೆ. ಓದಿದರೆ ಹೊಟ್ಟೆಕಿಚ್ಚಾಗುತ್ತದೆ. ನನ್ನ ನೆನಪಿನ ಪೆಟ್ಟಿಗೆ ತೆಗೆದರೆ ಮೊದಲು ಬರುವುದು ಈ ಧೊಪ್. ಎಪ್ಪತ್ತರ ದಶಕದ ನಡುವಿನಲ್ಲಿ, ನಂಜನಗೂಡಿನ ನಮ್ಮ ಮನೆಯ ನಡುಮನೆಯಲ್ಲಿ, ನಾನೂ ನನ್ನ ಅತ್ತೆಯವರೂ ಒಟ್ಟಿಗೆ ನೆಲಕ್ಕೆ ಬಿದ್ದ ಸದ್ದು ಅದು.

ಬೀಳುವುದಕ್ಕೆ ಮುಂಚಿನದನ್ನು ಹೇಳಬೇಕು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗೆ ವಾರಕ್ಕೆರಡು ದಿನ ಡ್ರಿಲ್ ಇತ್ತು. ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಸಾಲಾಗಿ ನಿಂತು 'ಹ್ಯಾಂಡ್ಸ್ ಅಪ್, ಹ್ಯಾಂಡ್ಸ್ ಸೈಡ್‌ವೇಸ್, ಹ್ಯಾಂಡ್ಸ್ ಡೌನ್' ಎಂದು ಗಾಳಿಯನ್ನು ಅತ್ತಿತ್ತ ಸರಿಸುತ್ತಿದ್ದೆವು. ಅದನ್ನೇ ನಾನು ಫಿಸಿಕಲ್ ಕಲ್ಚರ್ ಎಂದು ನಂಬಿದ್ದೆ. ಮದುವೆಯಾಗಿ ನಂಜನಗೂಡಿಗೆ ಬಂದು, ಎರಡು ಹೆತ್ತು, ಪ್ರತಿ ಹಬ್ಬದ ಉಳಿದ ಹೋಳಿಗೆಯನ್ನು ದಂಡವಾಗಬಾರದೆಂದು ನಾನೇ ಮುಗಿಸಿ, ಮೂವತ್ತೇಳನೇ ವಯಸ್ಸಿಗೆ ಎಂಬತ್ತೊಂದು ಕೆ.ಜಿ. ಆದೆ. ಮನೆಯವರು ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟರು. ಸಭ್ಯರು. 'ದಪ್ಪ' ಎಂದು ಒಂದು ದಿನವೂ ಅನ್ನಲಿಲ್ಲ, ಜಟಕಾದಲ್ಲಿ ಹೋಗುವಾಗ ಮಾತ್ರ 'ನೀನು ಮಧ್ಯಕ್ಕೆ ಕೂತ್ಕೋ' ಎನ್ನುತ್ತಿದ್ದರು. ಲೇಡೀಸ್ ಮ್ಯಾಗಜೀನುಗಳನ್ನು ತರಿಸಿ ಡಯಟ್ ಮಾಡಿದೆ. ಒಂದು ಟೋಸ್ಟು, ಅರ್ಧ ಗ್ರೇಪ್‌ಫ್ರೂಟ್ ಎಂದು ಬರೆದಿತ್ತು. ಆ ಹಣ್ಣು ನಂಜನಗೂಡಿನಲ್ಲಿ ಸಿಗದ ಕಾರಣ ಅದರ ಬದಲು ರಸಬಾಳೆ ತಿಂದೆ. ಅರ್ಧಕ್ಕೆ ನಿಲ್ಲಿಸುವುದು ಆ ಹಣ್ಣಿನಲ್ಲಿ ಯಾರಿಂದಲೂ ಸಾಧ್ಯವಿಲ್ಲ.

ಹೀಗಿರುವಾಗ ಅತ್ತೆಯವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮೈಸೂರಿನ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿದರು. ಆರು ವಾರ ಬಿಟ್ಟು ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು: ಇವರನ್ನು ಮಲಗಿಸಿಯೇ ಇಟ್ಟರೆ ಎದೆಯಲ್ಲಿ ಕಫ ಕಟ್ಟಿ ವರ್ಷದೊಳಗೆ ಹೋಗಿಬಿಡುತ್ತಾರೆ, ದಿನಕ್ಕೆ ಎರಡು ಸಲವಾದರೂ ಎತ್ತಿ ಕೂರಿಸಬೇಕು, ನಿಲ್ಲಿಸಬೇಕು. 'ಯು ಲುಕ್ ಸ್ಟ್ರಾಂಗ್ ಎನಫ್' ಎಂದು ನನ್ನ ಗಾತ್ರ ನೋಡಿ ಸೇರಿಸಿದರು. ಗಾತ್ರಕ್ಕೂ ಶಕ್ತಿಗೂ ಇರುವ ವ್ಯತ್ಯಾಸ ಓದಿದ ಡಾಕ್ಟರಿಗೂ ಗೊತ್ತಿರಲಿಲ್ಲ.

ಅತ್ತೆಯವರು ಮಡಿ ಹೆಂಗಸು. ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡು, ಒಬ್ಬ ಮಗ ಒಬ್ಬ ಮಗಳನ್ನು ಸಾಕಿ, ತಮ್ಮದೆಂದು ಉಳಿಸಿಕೊಂಡದ್ದು ಆ ಮಡಿಯೊಂದನ್ನೇ. ಆಸ್ಪತ್ರೆಯಲ್ಲಿ ನರ್ಸಮ್ಮಗಳು ಮುಟ್ಟಿದ್ದಕ್ಕೆ ಅವರು ತಕರಾರೆತ್ತಿರಲಿಲ್ಲ. 'ಆಸ್ಪತ್ರೆ ಬೇರೆ, ಮನೆ ಬೇರೆ. ಅಲ್ಲಿ ನಾನು ಇರ್ಲೇ ಇಲ್ಲ, ದೇಹ ಮಾತ್ರ ಇತ್ತು' ಎಂದು ಅದಕ್ಕೊಂದು ವೇದಾಂತವನ್ನೂ ಹೇಳಿದರು. ಮನೆಯಲ್ಲಿ ಮಾತ್ರ ಸ್ನಾನ ಮಾಡಿ ಮಡಿಯುಟ್ಟ ಸೊಸೆ ಮುಟ್ಟಬೇಕು, ಇಲ್ಲವೇ ಪಕ್ಕದ ಮನೆಯ ಲಕ್ಷ್ಮಮ್ಮನವರು ಮುಟ್ಟಬೇಕು, ಅವರೂ ಮಡಿಯವರು. ಮಗ ಮುಟ್ಟಬಹುದಾಗಿತ್ತು. ಆದರೆ ಮನೆಯವರಿಗೆ ಹಿಂದಿನ ವರ್ಷವಷ್ಟೇ ಹರ್ನಿಯಾ ಆಪರೇಷನ್ ಆಗಿ, ಅಮರಕೋಶಕ್ಕಿಂತ ಭಾರದ್ದು ಎತ್ತಬಾರದೆಂದು ಆಜ್ಞೆಯಾಗಿತ್ತು. ಮೈಸೂರಿನಲ್ಲಿದ್ದ ನಾದಿನಿ 'ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ, ಆಯಾ ಇಡೋಣ' ಎಂದಳು. ಅತ್ತೆಯವರು ಸಮಾಧಾನವಾಗಿ, 'ಆಯಾ ಕೈ ನನ್ನ ಮೈಮೇಲೆ ಬಿದ್ದ ದಿನ ನೀರು ಬಿಡ್ತೀನಿ' ಎಂದರು. ಹಿಂದೊಮ್ಮೆ ಯಾವುದೋ ಮಾತಿಗೆ ಮೂರು ದಿನ ನಿಜವಾಗಿಯೂ ತೊಟ್ಟು ನೀರು ಮುಟ್ಟದೆ ಇದ್ದವರು. ನಾದಿನಿ ಮೈಸೂರಿನ ಬಸ್ಸು ಹತ್ತಿದಳು.

ಮನೆಗೆ ಬಂದ ಮಾರನೆಯ ದಿನ ನಾನು ಸ್ನಾನ ಮಾಡಿ, ಒದ್ದೆ ತಲೆಗೆ ಬಟ್ಟೆ ಕಟ್ಟಿ, ಅತ್ತೆಯವರ ಕಂಕುಳಿಗೆ ಕೈ ಹಾಕಿ ಎತ್ತಿದೆ. ಅವರ ತೂಕ ಐವತ್ತೆರಡು. ಎಂಬತ್ತೊಂದರವಳಿಗೆ ಐವತ್ತೆರಡು ಯಾವ ಲೆಕ್ಕ ಎಂದುಕೊಂಡಿದ್ದೆ. ಸೊಂಟದಲ್ಲಿ ಚಳಕ್ ಅಂದಿತು, ಮುಂದಿನದು ಆಗಲೇ ಹೇಳಿದ ಧೊಪ್. ಪುಣ್ಯಕ್ಕೆ ನಾನು ಕೆಳಗಿದ್ದೆ, ಅವರು ಮೇಲಿದ್ದರು. 'ಮೂಳೆಗೆ ಏನಾದ್ರೂ ಆಯ್ತಾ ಅತ್ತೆ' ಎಂದು ಉಸಿರು ಸಿಕ್ಕಮೇಲೆ ಕೇಳಿದೆ. ಅವರು ಸ್ವಲ್ಪ ಯೋಚಿಸಿ, 'ಇಲ್ಲ ಕಣೇ ವಿಮಲಾ. ನೀನು ಮೆತ್ತಗಿದೀಯ' ಎಂದರು.

ಸದ್ದು ಕೇಳಿ ಮೊದಲು ಬಂದವಳು ಮಾದಮ್ಮ. ತಿರುಮಕೂಡಲು ನರಸೀಪುರದ ಕಡೆಯ ಹೆಮ್ಮಿಗೆಯವಳು, ಗಿರಣಿಯಲ್ಲಿ ಮೂಟೆ ಹೊರುತ್ತಿದ್ದಳು. ಮೂಟೆ ಹೊರಲು ಹೋಗುವ ಮುಂಚೆ ನಮ್ಮ ಹಸುವಿಗೆ ತೌಡು, ಬಚ್ಚಲ ಒಲೆಗೆ ಹೊಟ್ಟು ತಂದು ಹಾಕುವುದು ಅವಳ ಕೆಲಸ. ನನಗಿಂತ ಐದಾರು ವರ್ಷ ದೊಡ್ಡವಳು, ನನ್ನ ಅರ್ಧದಷ್ಟು ಅಗಲ. ಎಪ್ಪತ್ತೈದು ಕೆ.ಜಿ. ಅಕ್ಕಿ ಮೂಟೆಯನ್ನು ಬೆನ್ನ ಮೇಲೆ ಹಾಕಿಕೊಂಡು ಹಲಗೆಯ ಮೇಲೆ ನಡೆದು ಲಾರಿ ಹತ್ತುವುದನ್ನು ನಾನೇ ನೋಡಿದ್ದೆ. ಆದರೆ ಹಿತ್ತಲ ಬಾಗಿಲ ಹೊಸಿಲು ಅವಳು ದಾಟುವ ಹಾಗಿರಲಿಲ್ಲ. ಆ ಕಾಲಕ್ಕೆ ನಮ್ಮ ಬೀದಿಯ ಯಾವ ಮನೆಯಲ್ಲೂ ಅವಳ ಕೇರಿಯವರಿಗೆ ಹೊಸಿಲು ದಾಟಿ ರೂಢಿಯಿರಲಿಲ್ಲ. ಅವಳು ಹೊಸಿಲಾಚೆ ನಿಂತಳು. ನಾವಿಬ್ಬರೂ ಇತ್ತ ನೆಲದ ಮೇಲೆ. ಒಂದು ಹೆಜ್ಜೆ ಒಳಗಿಟ್ಟಿದ್ದರೆ ಅವಳು ಅತ್ತೆಯವರನ್ನು ಹಸುಗೂಸಿನಂತೆ ಎತ್ತಿ ಮಂಚದ ಮೇಲಿಡುತ್ತಿದ್ದಳು. ಅದು ಮೂವರಿಗೂ ಗೊತ್ತಿತ್ತು. ಕೊನೆಗೆ ಅವಳೇ, 'ಪಕ್ಕದ್ಮನೆ ಅಮ್ಮಾರ್ನ ಕೂಗ್ಲಾ?' ಎಂದು ಕೇಳಿ ಓಡಿದಳು. ಲಕ್ಷ್ಮಮ್ಮನವರು ಸ್ನಾನ ಮಾಡಿ ಮಡಿಯುಟ್ಟು ಬರುವುದಕ್ಕೆ ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ಅತ್ತೆಯವರು ನನ್ನ ಮೇಲೊರಗಿ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು, ಮಾದಮ್ಮ ತಿರುಗಿ ಬಂದು ಹೊಸಿಲಾಚೆ ನಿಂತೇ ಇದ್ದಳು.

ಲಕ್ಷ್ಮಮ್ಮನವರು ದಿನಾ ಬಂದು ಒಂದು ಕೈ ಕೊಡಲು ಒಪ್ಪಿದರು, ಆದರೆ ಶಿವರಾತ್ರಿ ಕಳೆದ ಮೇಲೆ ಮಗಳ ಬಾಣಂತನಕ್ಕೆ ಭದ್ರಾವತಿಗೆ ಹೊರಡುವವರು. ಆಗಷ್ಟೇ ನವರಾತ್ರಿ ಮುಗಿದಿತ್ತು. ಅಂದರೆ ನನಗಿದ್ದದ್ದು ನಾಲ್ಕು ತಿಂಗಳ ಮೇಲೆ ಚೂರು. ಅಷ್ಟರಲ್ಲಿ ನಾನೊಬ್ಬಳೇ ಅತ್ತೆಯವರನ್ನು ಎತ್ತಬೇಕು, ಇಲ್ಲವೇ ಅವರು ಮೈಸೂರಿಗೆ, ಆಯಾ ಕೈಗೆ, ನೀರು ಬಿಡುವುದಕ್ಕೆ. ಮಾರನೆಯ ಬೆಳಿಗ್ಗೆ ತೌಡು ತಂದ ಮಾದಮ್ಮನನ್ನು ತಡೆದು, 'ನಂಗೆ ಮೂಟೆ ಎತ್ತೋದು ಹೇಳ್ಕೊಡು' ಎಂದೆ.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ, ಲಾರಿ ತುಂಬುವ ಮೊದಲು ಮೇಸ್ತ್ರಿ ನೋಡುವ ಹಾಗೆ, ನೋಡಿದಳು. 'ತಮಾಸೆ ಮಾಡ್ಬ್ಯಾಡಿ ಅಮ್ಮಾರೆ.'

'ತಮಾಷೆ ಅಲ್ಲ. ಶಿವರಾತ್ರಿ ಒಳಗೆ ಕಲೀಬೇಕು.'

'ನೀವು ಮೊದ್ಲು ನಿಮ್ಮನ್ನ ಎತ್ತಿ. ಆಮ್ಯಾಕೆ ಮೂಟೆ' ಎಂದಳು. ಕುಕ್ಕರುಗಾಲಲ್ಲಿ ಕೂತು, ಏನನ್ನೂ ಹಿಡಿಯದೆ ಏಳಬೇಕಂತೆ. ಕೂತೆ. ಏಳುವುದಕ್ಕೆ ಹಸುವಿನ ಗೂಟ ಹಿಡಿಯಬೇಕಾಯಿತು. ಗೂಟ ಕಿತ್ತು ಬಂತು. ಹಸು ನಿಧಾನವಾಗಿ ಲಕ್ಷ್ಮಮ್ಮನವರ ಹಿತ್ತಲಿಗೆ ನಡೆದು ಅವರ ಹೂಗಿಡ ತಿಂದಿತು. ಮೊದಲ ದಿನದ ಪಾಠ ಅಲ್ಲಿಗೆ ಮುಗಿಯಿತು.

ಆದರೆ ನಾನು ಬಿಡಲಿಲ್ಲ. ನನ್ನಲ್ಲಿ ಬೇರೆ ಗುಣಗಳು ಕಡಿಮೆ, ಹಟ ಒಂದಿದೆ. ದಿನಾ ಬೆಳಿಗ್ಗೆ, ಸ್ನಾನಕ್ಕೆ ಮುಂಚೆ, ಹಳೇ ಸೀರೆಯನ್ನು ಕಚ್ಚೆ ಹಾಕಿ ಹಿತ್ತಲಿಗಿಳಿಯುತ್ತಿದ್ದೆ. ಮೊದಲು ಬರೀ ಕೂರುವುದು, ಏಳುವುದು. ಆಮೇಲೆ ಕಾಲು ಚೀಲ ತೌಡು ಎದೆಗವಚಿಕೊಂಡು ಕೂರುವುದು, ಏಳುವುದು. ಆಮೇಲೆ ಅರ್ಧ ಚೀಲ. ನಡುವೆ ಬಾವಿಯಿಂದ ಎರಡು ಕೊಡ ನೀರು ಎರಡು ಕೈಲಿ ಹಿಡಿದು ತುಳಸೀಕಟ್ಟೆ ಸುತ್ತುವುದು. ರುಬ್ಬುಗುಂಡನ್ನು ನೆಲದಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ. ಮಾದಮ್ಮ ಮೂರು ಮಾರು ದೂರ ನಿಂತು, ಒಂದು ಉದ್ದನೆಯ ಹುಣಸೆ ಕಡ್ಡಿಯಿಂದ ನನ್ನ ಮಂಡಿ, ಬೆನ್ನು, ಮೊಣಕೈ ತೋರಿಸಿ ತಿದ್ದುತ್ತಿದ್ದಳು. 'ಸೊಂಟ ಬಗ್ಗಿಸ್ಬ್ಯಾಡಿ, ಮಂಡಿ ಬಗ್ಗಿಸಿ. ತೊಡೆ ಇರೋದು ಯಾತಕ್ಕೆ? ಮೂಟೆಯ ಎದೆಗೆ ಅವಚ್ಕಳಿ, ದೂರ ಇಟ್ರೆ ಅದೇ ನಿಮ್ಮ ಎಳ್ಕಂಡು ಓಯ್ತದೆ.' ಸ್ನಾನಕ್ಕೆ ಮುಂಚೆ ತಾನೇ, ಹತ್ತಿರ ಬಂದು ಕೈ ಹಿಡಿದು ತಿದ್ದು ಎಂದು ಒಂದು ದಿನ ಹೇಳಿದೆ. 'ಬ್ಯಾಡಿ ಅಮ್ಮಾರೆ. ನಾಳೀಕೆ ದೊಡ್ಡಮ್ಮಾರು ಕೇಳುದ್ರೆ ನೀವು ಸುಳ್ಳು ಏಳ್ಬೇಕಾಯ್ತದೆ' ಎಂದಳು. ನನಗೆ ಅದು ಅವಳ ವಿನಯದಂತೆ ಕಂಡಿತು. ಎಲ್ಲರೂ ದೇವರ ಮಕ್ಕಳು ಎಂದು ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿ ಪ್ರೈಜು ತೆಗೆದುಕೊಂಡವಳು ನಾನು. ಪಾಠ ಚೆನ್ನಾಗಿ ನಡೆಯುತ್ತಿದೆ, ಯಾಕೆ ಕದಡುವುದು ಎಂದು ಅಷ್ಟಕ್ಕೇ ಬಿಟ್ಟೆ.

ಹದಿನೈದನೇ ದಿನವೋ ಏನೋ, ಚೀಲ ಅವಚಿಕೊಂಡು ಎದ್ದವಳಿಗೆ ಕಣ್ಣು ಕತ್ತಲೆ ಬಂತು. 'ವತ್ತಾರೆ ಏನ್ ತಿಂದ್ರಿ' ಎಂದು ಮಾದಮ್ಮ ಕೇಳಿದಳು. ಬ್ಲಾಕ್ ಕಾಫಿ, ನೆನ್ನೆ ರಾತ್ರಿ ಒಂದು ಟೋಸ್ಟು ಎಂದೆ. ಟೋಸ್ಟು ಎಂದರೇನೆಂದು ವಿವರಿಸಿದೆ. ಅವಳಿಗೆ ನಿಜವಾಗಿ ಸಿಟ್ಟು ಬಂತು. 'ಸುಟ್ಟ ಬನ್ನು ತಿನ್ಕಂಡು ಮೂಟೆ ಎತ್ತಕ್ಕೆ ಬಂದಿದ್ದೀರಾ? ನನ್ನ ಎದುರ್ಗೆ ಸತ್ಗಿತ್ತೋದ್ರೆ ಮೇಷ್ಟ್ರಿಗೆ ಏನ್ ಏಳನಾ? ಉಳ್ಳಿಕಾಳು ಬೇಯ್ಸಿ ತಿನ್ನಿ. ಎಸ್ರುಕಾಳು, ಅವರೆಕಾಳು ತಿನ್ನಿ. ಅನ್ನ ಒಸಿ ಕಮ್ಮಿ ಮಾಡಿ, ಕಾಳು ಜಾಸ್ತಿ ಮಾಡಿ.' ಅಂದಿನಿಂದ ನಮ್ಮ ಮನೆಯಲ್ಲಿ ದಿನಾ ಹುರುಳಿ. ಹುರುಳಿ ಸಾರು, ಹುರುಳಿ ಪಲ್ಯ, ಮೊಳಕೆ ಹುರುಳಿ. ನಾನು ಹೋಳಿಗೆಗೆ ಕೈ ಮುಗಿದೆ. ಮನೆಯವರು ಒಂದು ವಾರ ಸಹಿಸಿ, 'ಅಶ್ವಶಾಲೆಯಲ್ಲಿ ಇದ್ದ ಹಾಗಿದೆ' ಎಂದು ಸಂಸ್ಕೃತದಲ್ಲಿ ಹೇಳಿದರು.

ಅತ್ತೆಯವರ ಮಂಚದ ಕಿಟಕಿ ಹಿತ್ತಲಿಗೇ ತೆರೆಯುತ್ತಿತ್ತು. ಮೊದಲ ಎರಡು ವಾರ ಅವರು ಗೋಡೆ ಕಡೆ ತಿರುಗಿ ಮಲಗಿದರು. 'ಗರಡಿ ಗಂಡಸರ ಹಾಗೆ ಬಸ್ಕಿ ಹೊಡೀತಾಳೆ, ಕಾಲ ಕೆಟ್ಟಿತು' ಎಂದು ಗೋಡೆಗೆ ಹೇಳಿದರು. ಮೂರನೆಯ ವಾರ ಈಚೆ ತಿರುಗಿದರು. ಒಂದು ದಿನ ನಾನು ಮೂವತ್ತು ಮುಗಿಸಿ ಚೀಲ ಇಳಿಸುವಾಗ ಕಿಟಕಿಯಿಂದ ದನಿ ಬಂತು: 'ಇಪ್ಪತ್ತೆಂಟು.'

'ಮೂವತ್ತು ಆಯ್ತು ಅತ್ತೆ.'

'ಇಪ್ಪತ್ತೆಂಟು. ಎರಡು ಸಲ ಅರ್ಧಕ್ಕೇ ಎದ್ದೆ. ಏನೇ ಮಾದೀ, ಹೌದೋ ಅಲ್ವೋ?'

'ಊಂ ಕನಿ ದೊಡ್ಡಮ್ಮಾರೆ, ಎಲ್ಡು ಕಳ್ಳಾಟ' ಎಂದಳು ಮಾದಮ್ಮ, ಒಂದು ಚೂರೂ ದಾಕ್ಷಿಣ್ಯವಿಲ್ಲದೆ. ಜಪಮಣಿ ಕೈಲಿ ಹಿಡಿದು ಅತ್ತೆಯವರು ನನ್ನ ಬಸ್ಕಿ ಎಣಿಸುತ್ತಿದ್ದರು. ಅಂದಿನಿಂದ ಇಬ್ಬರು ಮೇಡಂಗಳು. ಒಬ್ಬರು ಹಿತ್ತಲಲ್ಲಿ ಕಡ್ಡಿ ಹಿಡಿದು, ಒಬ್ಬರು ಕಿಟಕಿಯಲ್ಲಿ ಮಣಿ ಹಿಡಿದು. ಅವರಿಬ್ಬರಿಗೂ ನನ್ನ ತಪ್ಪುಗಳ ಬಗ್ಗೆ ಮಾತಾಡಿಕೊಳ್ಳುವುದರಲ್ಲಿ ಎಷ್ಟು ಸ್ನೇಹ ಬೆಳೆಯಿತೆಂದರೆ, ನಾನು ಚೀಲ ಹಿಡಿದು ನಿಂತಿರುವುದನ್ನೇ ಮರೆತುಬಿಡುತ್ತಿದ್ದರು.

ಇನ್ನು ತೂಕದ ವಿಚಾರ. ಗಿರಣಿಗೆ ರಜೆ ಇದ್ದ ದಿನ ಮಾದಮ್ಮ ನನ್ನನ್ನು ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸುತ್ತಿದ್ದಳು. ಮೊದಲ ತಿಂಗಳು ಎಂಬತ್ತೊಂದು ಎಪ್ಪತ್ತೆಂಟಾಯಿತು. ನಾನು ಮನೆಗೆ ಹಾರಿಕೊಂಡೇ ಬಂದೆ. ಎರಡನೇ ತಿಂಗಳು ಎಪ್ಪತ್ತೇಳು. ಮೂರನೇ ತಿಂಗಳೂ ಎಪ್ಪತ್ತೇಳು. ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಬಾಯಿಗೆ ಹಾಕದೆ ಊರಿಗೆಲ್ಲ ಬೀರಿದವಳು ನಾನು, ಆದರೂ ಎಪ್ಪತ್ತೇಳು. ಅದೇ ವಾರ ರವಿಕೆ ಹೊಲಿಸಲು ಅಳತೆ ರವಿಕೆ ಕೊಟ್ಟು ಕಳಿಸಿದ್ದೆ. ಹೊಲಿದು ಬಂದದ್ದನ್ನು ತೊಟ್ಟರೆ ಸೊಂಟದ ಕಡೆ ಇನ್ನೊಬ್ಬಳು ಸೇರುವಷ್ಟು ಜಾಗ, ತೋಳು ಮಾತ್ರ ಏರುತ್ತಲೇ ಇಲ್ಲ. ಎಳೆದರೆ ಪರ್ರ್ ಅಂದಿತು. ಟೈಲರ್ ಅಂಗಡಿಗೆ ಹೋಗಿ ಜಗಳ ತೆಗೆದೆ. ಅವನು ಅಳತೆ ರವಿಕೆಯನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದ, ಕೂದಲೆಳೆ ವ್ಯತ್ಯಾಸವಿಲ್ಲ. ಆಮೇಲೆ ನನ್ನ ತೋಳು ನೋಡಿ, 'ಅಮ್ಮ, ಈ ಅಳತೆ ರವಿಕೆ ನಿಮ್ದೇನಾ, ತಂಗಿಯೋರದ್ದಾ?' ಎಂದು ಮೆಲ್ಲಗೆ ಕೇಳಿದ.

ಅಂದು ಹಿತ್ತಲ ಕಟ್ಟೆಯ ಮೇಲೆ ಕೂತು ಅತ್ತೇ ಬಿಟ್ಟೆ. ಐದು ವಾರ ಉಳಿದಿತ್ತು, ತೂಕ ಇಳಿಯುವುದು ನಿಂತಿತ್ತು, ಇನ್ನು ಎತ್ತುವುದೆಲ್ಲಿ ಬಂತು ಎಂದೆ. ಮಾದಮ್ಮ ಅಳು ಮುಗಿಯುವವರೆಗೂ ಕಾದಳು. ಆಮೇಲೆ ಗಿರಣಿಗೆ ಹೋಗಿ ಎರಡು ಚೀಲ ತಂದು ನನ್ನ ಮುಂದೆ ಇಟ್ಟಳು. ಒಂದು ಬಾಯಿ ಬಿರಿಯುವಷ್ಟು ತುಂಬಿದ ತೌಡಿನ ಚೀಲ. ಇನ್ನೊಂದು ಅರ್ಧಕ್ಕೇ ಕಟ್ಟಿದ ಅಕ್ಕಿ ಚೀಲ.

'ಯಾವ್ದು ದಪ್ಪ?'

'ತೌಡು.'

'ಯಾವ್ದು ತೂಕ? ಎತ್ತಿ ನೋಡಿ.'

ಎತ್ತಿದೆ. ಎರಡೂ ಒಂದೇ.

'ನೀವು ತೌಡಿನ ಚೀಲ್ವಾಗಿದ್ರಿ. ಈಗ ಅಕ್ಕಿ ಚೀಲ ಆಯ್ತಾ ಇದ್ದೀರಿ. ತೌಡು ಓಯ್ತಾ ಅದೆ, ಅಕ್ಕಿ ತುಂಬ್ತಾ ಅದೆ. ಯಂತ್ರಕ್ಕೆ ಅದೆಲ್ಲಿ ಗೊತ್ತಾದದು? ನಿಮ್ಮ ರವ್ಕೆಗೆ ಗೊತ್ತಾಯ್ತು.'

ಆಮೇಲಿನ ವರ್ಷಗಳಲ್ಲಿ ಮೊಮ್ಮಕ್ಕಳು ಮಸಲ್, ಫ್ಯಾಟ್, ಪ್ರೋಟೀನ್ ಎಂದು ನನಗೆ ಲೆಕ್ಚರ್ ಕೊಟ್ಟಿದ್ದಾರೆ. ಯಾರೂ ಇದಕ್ಕಿಂತ ಚೆನ್ನಾಗಿ ಹೇಳಲಿಲ್ಲ. ಕೊನೆಯ ಐದು ವಾರ ನಾನು ಯಂತ್ರದ ಕಡೆ ತಲೆ ಹಾಕಲಿಲ್ಲ. ಚೀಲದ ತೌಡು ತೆಗೆದು ಅಕ್ಕಿ ತುಂಬಿದೆವು. ಮೂವತ್ತು ಕೆ.ಜಿ., ನಲವತ್ತು. ಶಿವರಾತ್ರಿಯ ಹಿಂದಿನ ದಿನ ಐವತ್ತೈದು. 'ದೊಡ್ಡಮ್ಮಾರ್ಗಿಂತ ಮೂರು ಜಾಸ್ತಿನೇ ಇರ್ಲಿ' ಎಂದಳು ಮಾದಮ್ಮ. ಎತ್ತಿದೆ, ಸೊಂಟ ಚಳಕ್ ಅನ್ನಲಿಲ್ಲ. ಕಿಟಕಿಯಲ್ಲಿ ಅತ್ತೆಯವರು ಎಣಿಸುವುದನ್ನೇ ಮರೆತಿದ್ದರು.

ಲಕ್ಷ್ಮಮ್ಮನವರು ಹೊರಟ ದಿನ ನಾನು ಸ್ನಾನ ಮಾಡಿ, ಮಡಿಯುಟ್ಟು, ಮಂಚದ ಮುಂದೆ ಕಾಲು ಅಗಲಿಸಿ ಕೂತೆ. ಮಾದಮ್ಮ ಹೊಸಿಲಾಚೆ ನಿಂತಿದ್ದಳು. ಮನೆಯವರು ದೇವರ ಮನೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. 'ದೊಡ್ಡಮ್ಮಾರೆ, ಅಮ್ಮಾರ ಕುತ್ಗೆ ತಬ್ಕಳಿ. ಅಮ್ಮಾರೆ, ಉಸ್ರು ಬುಟ್ಕಂಡು ಏಳಿ' ಎಂದಳು. ಎದ್ದೆ. ಐವತ್ತೆರಡು ಕೆ.ಜಿ. ಮೈ ನನ್ನೆದೆಗೆ ಅಂಟಿಕೊಂಡು ನನ್ನೊಂದಿಗೇ ಎದ್ದಿತು. ಅತ್ತೆಯವರ ಕಾಲು ನೆಲ ಮುಟ್ಟಿತು, ನಡುಗಿತು, ನಿಂತಿತು. ಮದುವೆಯಾಗಿ ಹದಿನಾರು ವರ್ಷದಲ್ಲಿ ನಾನು ಅವರನ್ನು ತಬ್ಬಿದ್ದು ಅದೇ ಮೊದಲು. ನನ್ನ ಕಿವಿಯ ಹತ್ತಿರ, 'ಒಂದು' ಎಂದರು.

ಮೇ ತಿಂಗಳ ಹೊತ್ತಿಗೆ ಅವರು ಕೋಲು ಹಿಡಿದು ತುಳಸೀಕಟ್ಟೆಯವರೆಗೆ ಹೋಗುತ್ತಿದ್ದರು. ಮತ್ತೆ ಏಳು ವರ್ಷ ಬದುಕಿದರು, ಒಬ್ಬ ಆಯಾಳ ಕೈಯೂ ಸೋಕದೆ. ಮಾದಮ್ಮ ಅದೇ ಮಳೆಗಾಲದಲ್ಲಿ ಗಿರಣಿ ಬಿಟ್ಟು ಹೆಮ್ಮಿಗೆಗೆ ಹೋದಳು. ಹೋಗುವ ದಿನ ಅತ್ತೆಯವರು ಹಿತ್ತಲ ಬಾಗಿಲವರೆಗೆ ನಡೆದು ಬಂದು ಒಂದು ಸೀರೆ ಕೊಟ್ಟರು. ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ.

ಅವಳನ್ನು ಕೊನೆಯ ಸಲ ನೋಡಿದ್ದು ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ, ಎಂಬತ್ತರ ದಶಕದಲ್ಲಿ, ಅತ್ತೆಯವರು ಹೋಗಿ ಎರಡು ವರ್ಷವಾಗಿತ್ತು. ಯಾರದೋ ಮದುವೆ ಮುಗಿಸಿ ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದೆ. 'ಅಮ್ಮಾರೆ' ಎಂದು ಯಾರೋ ಕೂಗಿದರು. ಕಲ್ಲು ಬೆಂಚಿನ ಮೇಲೆ ಮಾದಮ್ಮ. ಮೂಳೆ ಚಕ್ಕಳವಾಗಿದ್ದಳು, ಎರಡೂ ಮಂಡಿ ಊದಿಕೊಂಡಿದ್ದವು. ನಂಜನಗೂಡಿನಲ್ಲಿರುವ ಮಗಳ ಮನೆಗೆ ಹೊರಟಿದ್ದಳು. 'ಒಟ್ಟಿಗೇ ಹೋಗೋಣ, ಪಕ್ಕದಲ್ಲೇ ಕೂತ್ಕೋ, ಹೇಳೋದು ಬೇಕಾದಷ್ಟಿದೆ' ಎಂದೆ. 'ದೊಡ್ಡಮ್ಮಾರು ಕೊನೇವರ್ಗೂ ನಡುದ್ರಾ?' ಎಂದು ಕೇಳಿದಳು. ಉತ್ತರ ಹೇಳುವಷ್ಟರಲ್ಲಿ ಬಸ್ಸು ಬಂತು.

ಮೆಟ್ಟಿಲು ಎತ್ತರ. ಅವಳ ಮಂಡಿ ಏರಲಿಲ್ಲ. ಎರಡು ಸಲ ಪ್ರಯತ್ನಿಸಿದಳು, ಹಿಂದಿದ್ದವರು ಗೊಣಗಿದರು, ಕಂಡಕ್ಟರು 'ಅಜ್ಜಿ, ಬೇಗ ಬಸ್ ಅತ್ತು, ಇಲ್ಲಾ ಇಳಿ' ಎಂದ. ನಾನು ಮುಂದೆ ಹೋಗಿ, ಮಂಡಿ ಬಗ್ಗಿಸಿ, ಅವಳ ಸೊಂಟ ತಬ್ಬಿ ಎತ್ತಿ ಒಳಗಿಟ್ಟೆ. ಒಂದು ಉಸಿರಿನ ಕೆಲಸ. ಅವಳು ಕಂಬಿ ಹಿಡಿದು ತಿರುಗಿ ನನ್ನ ತೋಳುಗಳನ್ನು ನೋಡಿದಳು. ಒಳಗೆ ಹೋಗಿ ಕಿಟಕಿ ಪಕ್ಕ ಕೂತು, ತನ್ನ ಗಂಟನ್ನು ಪಕ್ಕದ ಸೀಟಿನ ಮೇಲಿಟ್ಟು ನನಗೆ ಜಾಗ ಹಿಡಿದಳು.

ಅಷ್ಟು ಹೊತ್ತಿಗೆ ಕೆಳಗೆ ನಿಂತಿದ್ದ ಒಬ್ಬರು, ಪೇಟ ಸುತ್ತಿದ ಯಜಮಾನರು, 'ಏನಮ್ಮಾ, ಈ ವಯಸ್ನಲ್ಲಿ ಇಷ್ಟು ಕಸುವು, ಯಾವ ಗರಡಿ ನಿಮ್ದು?' ಎಂದು ಕೇಳಿಬಿಟ್ಟರು. ಇಂಥ ಪ್ರಶ್ನೆಯನ್ನು ನನಗೆ ಯಾರೂ ಅದುವರೆಗೆ ಕೇಳಿರಲಿಲ್ಲ. ನಾನು ಸೆರಗು ಸರಿಮಾಡಿಕೊಂಡು, ಮೊದಲಿನಿಂದ, ಸವಿಸ್ತಾರವಾಗಿ ಶುರುಮಾಡಿದೆ. ಹುರುಳಿಕಾಳಿನವರೆಗೆ ಬಂದಿದ್ದೆ. ಹಿಂದೆ ವಿಷಲ್ ಊದಿದ್ದು ಕೇಳಿಸಿತು, ಯಾವುದೋ ಬೇರೆ ಬಸ್ಸು ಎಂದುಕೊಂಡೆ. ತಿರುಗಿದಾಗ ನಂಜನಗೂಡಿನ ಬಸ್ಸು ಸ್ಟ್ಯಾಂಡಿನ ತಿರುವು ದಾಟುತ್ತಿತ್ತು. ಮಾದಮ್ಮ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿ ಕರೆಯುತ್ತಿದ್ದಳು, ಇನ್ನೊಂದು ಕೈ ಪಕ್ಕದ ಸೀಟಿನ ಮೇಲಿನ ಗಂಟನ್ನು ಬಿಟ್ಟಿರಲಿಲ್ಲ. ಐವತ್ತೈದು ಕೆ.ಜಿ. ಎತ್ತಲು ಕಲಿತಿದ್ದೆ. ಓಡುವುದನ್ನು ಮಾತ್ರ ನಾನು ಕೇಳಿಯೂ ಇರಲಿಲ್ಲ, ಅವಳು ಕಲಿಸಿಯೂ ಇರಲಿಲ್ಲ.